ಎಮ್ಮೆಗೆ ಕೈಮುಗಿದ ಬೀಗರು

ದೇವರು ಷಡ್ಡಕ ಎಂಬ ಜೀವಿಯನ್ನು ಸೃಷ್ಟಿಸದೆ ಇದ್ದಿದ್ದರೆ ಲಿಂಗರಾಜು ಸಂಗೀತದ ಗೊಡವೆಗೆ ಹೋಗುತ್ತಲೇ ಇರಲಿಲ್ಲ. ಹರಿಹರದ ಕಡೆಯವನು. ವಿಶಾಖಪಟ್ಟಣದ ಹೊರವಲಯದ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆಗಳ ಗುಣಮಟ್ಟ ನೋಡುವ ಕೆಲಸ. ವಿಜಯವಾಡದ ಭವಾನಿಪುರಂನ ರಾಜ್ಯಲಕ್ಷ್ಮಿಯನ್ನು ಪ್ರೀತಿಸಿ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಸ್ನಾನದ ಮನೆಯಲ್ಲಿ ಕೂಡ ಹಾಡಿದವನಲ್ಲ. ನಲ್ಲಿ ಬಿಟ್ಟ ಸದ್ದೇ ಸಾಕಷ್ಟಿರುವಾಗ ಮನುಷ್ಯ ಬೇರೆ ಯಾಕೆ ಕೂಗಬೇಕು ಎಂಬುದು ಅವನ ಅಭಿಪ್ರಾಯವಾಗಿತ್ತು.

ಆದರೆ ರಾಜ್ಯಲಕ್ಷ್ಮಿಯ ಅಕ್ಕನ ಗಂಡ ಫಣೀಂದ್ರ ಹಾಡುತ್ತಿದ್ದ. ಹಾಡುವುದಷ್ಟೇ ಅಲ್ಲ, ಹಾಡು ಬರೆಯುತ್ತಿದ್ದ, ರಾಗ ಹಾಕುತ್ತಿದ್ದ, ಹಾಡಿ ಮುಗಿಸಿದ ಮೇಲೆ ಅದು ಎಷ್ಟು ಚೆನ್ನಾಗಿತ್ತು ಎಂಬುದನ್ನೂ ತಾನೇ ವಿವರಿಸುತ್ತಿದ್ದ. ಮನೆಯ ಒಂದು ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಹೊಡೆಸಿ ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದ. ದೇವರಿಗೆ ಒಂದು ಹಾಡು, ಬೋರ್‌ವೆಲ್ ಪೂಜೆಗೆ ಒಂದು ಹಾಡು, ಚುನಾವಣೆಗೆ ನಿಂತವರಿಗೆಲ್ಲ ಪಕ್ಷಭೇದವಿಲ್ಲದೆ ಒಂದೊಂದು ಹಾಡು. ರಾಗ ಮಾತ್ರ ಎಲ್ಲಕ್ಕೂ ಒಂದೇ, ಯಾರಿಗೂ ಅನ್ಯಾಯವಾಗಬಾರದಲ್ಲ! ಹಬ್ಬಹರಿದಿನಗಳಲ್ಲಿ ಮಾವನ ಮನೆಗೆ ಬಂದರೆ ಫಣೀಂದ್ರನಿಗೆ ಸೋಫಾ, ಬಿಸಿನೀರು, ಕಲ್ಲುಸಕ್ಕರೆ. ಲಿಂಗರಾಜುವಿಗೆ ಖಾಲಿ ನೀರಿನ ಕ್ಯಾನು ಮತ್ತು ಬೈಕಿನ ಕೀ.

ಆ ಮನೆಯ ಯಜಮಾನ ರಾಜ್ಯಲಕ್ಷ್ಮಿಯ ಅಣ್ಣ ದುರ್ಗಾಪ್ರಸಾದ್. ಆಟೋನಗರದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡಿನ ಮಾಲೀಕ. ದಿನವಿಡೀ ಸುತ್ತಿಗೆಯ ಸದ್ದಿನ ನಡುವೆ ಮಾತಾಡಿ ಮಾತಾಡಿ, ಪಕ್ಕದಲ್ಲಿ ಕೂತವರಿಗೆ ಉಪ್ಪು ಕೊಡಿ ಎನ್ನುವಾಗಲೂ ಕೃಷ್ಣಾ ನದಿಯ ಆಚೆ ದಡದವರಿಗೆ ಕೇಳಿಸುವಂತೆ ಹೇಳುತ್ತಿದ್ದ. ಅವನು ಫಣೀಂದ್ರನನ್ನು ‘ಬಾವಗಾರು’ ಎಂದು, ಭಾವನವರೇ ಎಂಬ ಗೌರವದಲ್ಲಿ, ಕರೆಯುತ್ತಿದ್ದ. ಲಿಂಗರಾಜುವನ್ನು ‘ಕನ್ನಡಂ’ ಎನ್ನುತ್ತಿದ್ದ. “ಕನ್ನಡಂ ಎಲ್ಲಿ? ಕನ್ನಡಂ ಊಟ ಮಾಡ್ತಾ? ಕನ್ನಡಂಗೆ ಹೇಳಿ ಐಸು ತರಿಸಿ.” ಒಬ್ಬ ಮನುಷ್ಯನನ್ನು ಅವನ ಭಾಷೆಯ ಹೆಸರಿನಿಂದಲೇ ಕರೆಯುವುದು ದೊಡ್ಡ ಗೌರವ ಎಂದು ಲಿಂಗರಾಜು ಮೊದಲ ವರ್ಷ ತಿಳಿದಿದ್ದ. ಆಮೇಲೆ ಧಾಟಿ ಅರ್ಥವಾಯಿತು. ಒಂದೇ ಒಂದು ಸಲ ಆ ಬಾಯಿಂದ ‘ಬಾವಗಾರು’ ಎನಿಸಿಕೊಂಡರೆ ತನ್ನ ಸಂಸಾರ ಸಾರ್ಥಕ ಎಂಬ ಆಸೆ ಅವನೊಳಗೆ ಅಂದಿನಿಂದ ಕೊರೆಯುತ್ತಲೇ ಇತ್ತು.

ಹೀಗಿರುವಾಗ ದುರ್ಗಾಪ್ರಸಾದನ ಒಬ್ಬಳೇ ಮಗಳು ಮಾಧವೀಲತಾಳ ನಿಶ್ಚಿತಾರ್ಥ ಬಂತು. ಹುಡುಗಿ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಕೆ ಓದಿದವಳು. “ಹಾಸ್ಟೆಲ್ ತುಂಬ ನಮ್ಮವರೇ, ಕನ್ನಡ ಕಲಿಯೋ ಅಗತ್ಯಾನೇ ಬೀಳಲಿಲ್ಲ” ಎಂದು ಮನೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವಳು ಲಿಂಗರಾಜುವಿನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಹುಡುಗನ ಕಡೆಯವರು ಭೀಮುನಿಪಟ್ಟಣದವರು. ಹುಡುಗನ ತಂದೆ ಅರವಿಂದಬಾಬು ಬಂದರಿನಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು, ತುಂಬ ಮೃದು. ತಾಯಿ ಭ್ರಮರಾಂಬ. ಅವರೂ ಮೃದುವೇ, ಸೊಸೆ ಮನೆಗೆ ಬರುವತನಕ.

ನಿಶ್ಚಿತಾರ್ಥದ ಊಟದಲ್ಲಿ ಫಣೀಂದ್ರ ತನ್ನ ಹೊಸ ಹಾಡನ್ನು ಹಾಡಿ, ಅದನ್ನು ವಿವರಿಸಿ, ಎಲೆಯ ಮುಂದೆ ಕೂತು ಕೇಳಿದ: “ಏನ್ ತಮ್ಮಾ, ನಿಮ್ಮ ಕಡೆ ಸಂಗೀತ ಗಿಂಗೀತ ಏನಾದ್ರೂ ಉಂಟಾ, ಇಲ್ಲ ಬರೀ ಬೆಣ್ಣೆದೋಸೆನಾ?”

ಎಲ್ಲರೂ ನಕ್ಕರು. ನೀರು ಬಡಿಸುವವನೂ ನಕ್ಕ. ಲಿಂಗರಾಜುವಿನ ಬಾಯಲ್ಲಿ ಗೋಂಗೂರ ಪಚ್ಚಡಿಯ ತುತ್ತಿತ್ತು. ಹುಳಿ ನೆತ್ತಿಗೇರಿತೋ ಸಿಟ್ಟು ನೆತ್ತಿಗೇರಿತೋ ಹೇಳುವುದು ಕಷ್ಟ.

“ನಮ್ಮ ಮನೇಲಿ ನಾಲ್ಕು ತಲೆಮಾರಿನಿಂದ ಬಂದ ಹಾಡೈತೆ” ಎಂದುಬಿಟ್ಟ. ತೆಲುಗಿನಲ್ಲಿ ಶುರುವಾದದ್ದು ಆವೇಶಕ್ಕೆ ಕನ್ನಡಕ್ಕೆ ಜಾರಿ ಮತ್ತೆ ತೆಲುಗಿಗೆ ಬಂತು. “ಹೆಣ್ಣೊಪ್ಪಿಸುವಾಗ ಮಾತ್ರ ಹಾಡೋದು. ನಮ್ಮಜ್ಜಿ ನನಗೊಬ್ಬನಿಗೇ ಕಲಿಸಿ ಕಣ್ಣು ಮುಚ್ಚಿದ್ರು. ಅದನ್ನ ಕೇಳಿ ಅಳದವರು ಯಾರೂ ಇಲ್ಲ.”

ದುರ್ಗಾಪ್ರಸಾದ್ ಕಲಸುತ್ತಿದ್ದ ಅನ್ನವನ್ನು ಬಿಟ್ಟು ತಲೆಯೆತ್ತಿದ. “ಹಾಗಾದ್ರೆ ಕನ್ನಡಂ ನನ್ನ ಮಗಳ ಅಪ್ಪಗಿಂತಲಲ್ಲಿ ಹಾಡಲಿ!” ಎಂದು ಘೋಷಿಸಿದ. ಅಪ್ಪಗಿಂತಲು ಎಂದರೆ ಅಲ್ಲಿಯ ಹೆಣ್ಣೊಪ್ಪಿಸುವ ಶಾಸ್ತ್ರ. ಹೀಗೆ ಲಿಂಗರಾಜು ಗೋಂಗೂರದ ಪ್ರಭಾವದಿಂದ ಗಾಯಕನಾದ.

ಮದುವೆಯ ಹಿಂದಿನ ದಿನದವರೆಗೂ ತನಗೆ ಯಾವುದಾದರೂ ಹಾಡು ಪೂರ್ತಿ ಬರುತ್ತದೆಯೇ ಎಂದು ಅವನು ತಲೆಯೊಳಗೆಲ್ಲ ತಡಕಾಡಿದ. ಸಿನಿಮಾ ಹಾಡುಗಳು ಎರಡು ಸಾಲಿಗೆ ಕೈಕೊಟ್ಟವು. ದೇವರ ನಾಮಗಳಲ್ಲಿ ದೇವರ ಹೆಸರು ಮಾತ್ರ ನೆನಪಿತ್ತು. ಮೊದಲಿಂದ ಕೊನೆಯವರೆಗೆ ಬರುತ್ತಿದ್ದದ್ದು ಒಂದೇ ಒಂದು. ಅದು ನಿಜವಾಗಿಯೂ ಅಜ್ಜಿಯದೇ, ನಿಜವಾಗಿಯೂ ಮದುವೆಯದೇ. ಆದರೆ ಅದು ಬೀಗರನ್ನು ಬೈಯುವ ಹಾಡು. ನಮ್ಮ ಕಡೆಯ ಹೆಂಗಸರು ಎದುರು ಪಕ್ಷದವರ ಮರ್ಯಾದೆಯನ್ನು ಚಪ್ಪಾಳೆ ತಟ್ಟಿಕೊಂಡು ಹರಾಜು ಹಾಕುವ ಹಾಡು ಯಾರಿಗೆ ಗೊತ್ತಿಲ್ಲ? ‘ತೆಲುಗಿನವರ ಮುಂದೆ ಹಾಡಿದರೆ ಯಾರಿಗೆ ತಿಳಿಯುತ್ತದೆ’ ಎಂದು ಲಿಂಗರಾಜು ಧೈರ್ಯ ತಂದುಕೊಂಡ. ಆ ಧೈರ್ಯ ಮಂಟಪದ ಮೆಟ್ಟಿಲವರೆಗೆ ಜೊತೆಗಿತ್ತು.

ಭವಾನಿಪುರಂನ ಕಲ್ಯಾಣಮಂಟಪ ತುಂಬಿತ್ತು. ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಬೀಗರ ಕೈಯಲ್ಲಿಡುವ ಹೊತ್ತು. ದುರ್ಗಾಪ್ರಸಾದ್ ಕಲ್ಲಿನ ಹಾಗೆ ನಿಂತಿದ್ದ. ಯಾರೋ ಲಿಂಗರಾಜುವಿನ ಕೈಗೆ ಮೈಕು ತುರುಕಿದರು. ಅವನು ಮುಂದಿದ್ದ ಸಾವಿರ ಮುಖಗಳನ್ನು ನೋಡಿದ. ಗಂಟಲು ಒಣಗಿತು, ಮಂಡಿ ನಡುಗಿತು, ಹಾಡು ಹೊರಟಿತು.

ಬಂದಾರೆ ನೋಡೆ ಬೀಗರು, ಅಮ್ಮಾ
ಬಂದಾರೆ ನೋಡೆ ಬೀಗರು
ಎರವಿನ ಅಂಗಿಯ ತೊಟ್ಟಾರೆ, ಅದಕೆ
ಗುಂಡಿಯ ಮರೆತು ಬಿಟ್ಟಾರೆ

ಅಜ್ಜಿ ಇದನ್ನು ಕುದುರೆ ಓಟದಲ್ಲಿ ಹಾಡುತ್ತಿದ್ದಳು. ಲಿಂಗರಾಜುವಿಗೆ ಉಸಿರು ಸಿಗದೆ ಹಾಡು ಕುಂಟತೊಡಗಿತು. ಒಂದೊಂದು ಪದದ ನಡುವೆ ಅವನು ಉಗುಳು ನುಂಗುವ ಹೊತ್ತನ್ನು ಜನ ಮೌನದ ಆಳ ಎಂದು ತಿಳಿದರು. ಭಯಕ್ಕೆ ನಡುಗಿದ ದನಿಯನ್ನು ಗಮಕ ಎಂದುಕೊಂಡರು. ಸನ್ನಾಯಿ ಊದುವವನು ಕಣ್ಣು ಮುಚ್ಚಿ ಹಿಂದಿನಿಂದ ಸಣ್ಣಗೆ ಶ್ರುತಿ ಹಿಡಿದ.

ಹೋಳಿಗೆ ಹದಿನಾರು ಉಂಡಾರೆ, ಅಮ್ಮಾ
ಎಲೆಯನು ಸೈತ ಮೆದ್ದಾರೆ
ಹಿತ್ತಲ ಎಮ್ಮೆಯ ಕಂಡಾರೆ, ನಮ್ಮ
ಬೀಗಿತ್ತಿ ಎಂದು ಕೈಮುಗಿದಾರೆ

‘ಅಮ್ಮಾ’ ಎಂಬ ಒಂದು ಪದ ಸಭೆಗೆಲ್ಲ ಅರ್ಥವಾಗುತ್ತಿತ್ತು. ಅದೊಂದೇ ಸಾಕಾಯಿತು. ಮೊದಲು ಹಿಂದಿನ ಸಾಲಿನ ಅತ್ತೆಯಂದಿರು ಸೆರಗನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಅಡುಗೆಯವರು ಬಾಗಿಲಿಗೆ ಬಂದು ಮೂಗು ಒರೆಸಿಕೊಂಡರು. ಹಾಡಿನಲ್ಲಿ ಗುಂಡಿಯಿಲ್ಲದ ಅಂಗಿ ತೊಟ್ಟು, ಎಲೆಯನ್ನೂ ಬಿಡದೆ ಮೆದ್ದು, ಎಮ್ಮೆಗೆ ಕೈಮುಗಿದ ಅರವಿಂದಬಾಬುಗಳಂತೂ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಮದುಮಗಳು ತಲೆ ಬಗ್ಗಿಸಿ ಭುಜ ಕುಲುಕಿಸುತ್ತಿದ್ದಳು. “ಅಯ್ಯೋ ತಲ್ಲೀ, ಮಗು ತಡಕೊಳ್ಳಲಾರದು” ಎಂದು ಭ್ರಮರಾಂಬ ಅವಳನ್ನು ಅಪ್ಪಿಕೊಂಡು ತಾವೂ ಅತ್ತರು.

ಅಷ್ಟರಲ್ಲಿ ಲಾರಿಯ ಹಾರನ್ನಿನಂಥ ಒಂದು ಸದ್ದು ಕೇಳಿಸಿತು. ದುರ್ಗಾಪ್ರಸಾದ್ ಅಳುತ್ತಿದ್ದ. ತಂದೆ ಸತ್ತಾಗ ಅಳದವನು, ಕಾಲ ಮೇಲೆ ಕಬ್ಬಿಣದ ಚೌಕಟ್ಟು ಬಿದ್ದಾಗ ಬರೀ ಬೈದವನು, ನೇರವಾಗಿ ಬಂದು ಲಿಂಗರಾಜುವನ್ನು ತಬ್ಬಿ ಎತ್ತಿ, “ಬಾವಗಾರೂ!” ಎಂದ.

ಹನ್ನೆರಡು ವರ್ಷದ ತಪಸ್ಸು ಹೀಗೆ ಎಮ್ಮೆಯೊಂದರ ಕೃಪೆಯಿಂದ ಫಲಿಸಿತು.

ವಿಶಾಖಪಟ್ಟಣಕ್ಕೆ ಮರಳುವ ರೈಲಿನಲ್ಲಿ ರಾಜ್ಯಲಕ್ಷ್ಮಿ ರಾಜಮಂಡ್ರಿ ಹತ್ತಿರವಾಗುವವರೆಗೂ ಬಾಯಿ ಬಿಡಲಿಲ್ಲ. ಗೋದಾವರಿ ಸೇತುವೆಯ ಮೇಲೆ ಸದ್ದು ಜೋರಾದಾಗ, ಯಾರಿಗೂ ಕೇಳಿಸುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಶುರುಮಾಡಿದಳು.

“ಏಮಂಡೀ, ನನಗೆ ಕನ್ನಡ ಬರಲ್ಲ ಅಂದ್ಕೊಂಡ್ರಾ? ನಮ್ಮ ಮದುವೇಲಿ ನಿಮ್ಮ ಅಜ್ಜಿ ಇದೇ ಹಾಡನ್ನ ನಮ್ಮಣ್ಣನ ಮುಖಕ್ಕೇ ಹಾಡಿದ್ರು. ಆವಾಗ ಅವನಿಗೆ ಅಳು ಬರಲಿಲ್ಲ, ಮುದುಕಿಯರ ಗಲಾಟೆ ನಿಲ್ಲಿಸಿ ಅಂದ.”

“ಅಜ್ಜಿ ಭಾಳ ಸ್ಪೀಡಾಗಿ ಹಾಡ್ತಿದ್ಲು” ಎಂದ ಲಿಂಗರಾಜು, ಸಂಗೀತಜ್ಞನ ಗಾಂಭೀರ್ಯದಿಂದ.

“ನಗಬೇಡಿ. ನಾನ್ನಗಾರು, ನಮ್ಮಪ್ಪ, ಹೋದಾಗ ಕೂಡ ಅಳದೆ ಎಲ್ಲಾ ಒಳಗೇ ಇಟ್ಕೊಂಡವನು ಅವನು. ನಿಮ್ಮ ಹಾಡಿಗೆ ಅತ್ತಿದಾನೆ. ಇದು ಎಮ್ಮೆ ಹಾಡು ಅಂತ ಅವನಿಗೆ ಗೊತ್ತಾದರೆ ನಿಮ್ಮನ್ನ ಏನು ಮಾಡ್ತಾನೋ ಅದು ನಿಮ್ಮ ಹಣೆಬರಹ. ಆದರೆ ಅವನಿಗೆ ಏನಾಗುತ್ತೋ ಅದೇ ನನಗೆ ಭಯ.” ಹೇಳುತ್ತಾ ಅವಳ ಕಣ್ಣಲ್ಲೂ ನೀರು ಬಂತು. ಲಿಂಗರಾಜುವಿಗೆ ಮೊದಲ ಸಲ ತಾನು ಮಾಡಿದ್ದು ಬರೀ ತಮಾಷೆಯಲ್ಲ ಎನ್ನಿಸಿತು, ಹೊಟ್ಟೆ ಚುರ್ರೆಂದಿತು.

ಇತ್ತ ಫಣೀಂದ್ರನಿಗೂ ಹೊಟ್ಟೆಯಲ್ಲಿ ಉರಿ, ಆದರೆ ಅದು ಬೇರೆ ಜಾತಿಯದು. ಜಾಣನಾದ್ದರಿಂದ ಅವನು ಹೊರಟ ಗಾಡಿಯನ್ನು ತಡೆಯಲು ಹೋಗದೆ ಹತ್ತಿ ಕೂತ. ಮದುವೆಯ ವಿಡಿಯೋದಿಂದ ಹಾಡನ್ನು ಎತ್ತಿ, ಅದರ ಹಿಂದೆ ವೀಣೆ, ಮುಂದೆ ಮಳೆಯ ಸದ್ದು, ನಡುನಡುವೆ ತನ್ನ ಆಲಾಪ ಸೇರಿಸಿ ನೆಂಟರ ವಾಟ್ಸಾಪ್ ಗುಂಪಿಗೆ ಬಿಟ್ಟ. ಕೆಳಗೆ ‘ಸಂಯೋಜನೆ ಮತ್ತು ವ್ಯಾಖ್ಯಾನ: ಫಣೀಂದ್ರ’ ಎಂದಿತ್ತು. ಇದು ನಶಿಸಿಹೋದ ಒಂದು ರಾಗ, ಕೇಳುಗನ ಕರ್ಮ ಕರಗಿಸುವ ಶಕ್ತಿಯುಳ್ಳದ್ದು, ಪದಗಳ ಅರ್ಥ ಅತಿ ಗೂಢ ಎಂದೆಲ್ಲ ಬರೆದಿದ್ದ. ಕೊನೆಯ ಮಾತು ಅವನಿಗೆ ತಿಳಿಯದೆಯೇ ನಿಜವಾಗಿತ್ತು. ನೆಂಟರು ದಿನಾ ಬೆಳಗ್ಗೆ ಅದನ್ನು ಹಾಕಿಕೊಂಡು ಕಾಫಿ ಕುಡಿಯತೊಡಗಿದರು. ಒಬ್ಬರಿಗೆ ಬಿ.ಪಿ. ಇಳಿಯಿತಂತೆ. ಇನ್ನೊಬ್ಬರಿಗೆ ಮಂಡಿನೋವು ವಾಸಿಯಾಯಿತಂತೆ. ಮಾತ್ರೆಗಳ ಗುಣಮಟ್ಟ ನೋಡುವ ಲಿಂಗರಾಜುವಿಗೆ ತನ್ನ ಕಾರ್ಖಾನೆಯ ಭವಿಷ್ಯದ ಬಗ್ಗೆಯೇ ಚಿಂತೆಯಾಯಿತು.

ಒಂದು ಭಾನುವಾರ ಅರವಿಂದಬಾಬು ಫೋನು ಮಾಡಿದರು.

“ಲಿಂಗರಾಜುಗಾರೂ, ಭೀಮುನಿಪಟ್ಟಣದಲ್ಲಿ ನನ್ನ ಷಷ್ಟಿಪೂರ್ತಿ. ತಾವು ಆ ಹಾಡನ್ನು ಹಾಡಲೇಬೇಕು. ಮತ್ತೆ ತಮಗೊಂದು ಸರ್‌ಪ್ರೈಸು. ನನ್ನ ಕಣ್ಣಿನ ಪೊರೆ ತೆಗೆದ ಡಾಕ್ಟರ್ ಹೇಮಾಕ್ಷಿಗಾರು ನಿಮ್ಮ ಕಡೆಯವರೇ, ರಾಣೆಬೆನ್ನೂರಿನವರಂತೆ. ವೈಜಾಗಿನ ಕನ್ನಡ ಸಂಘಕ್ಕೆ ಅಧ್ಯಕ್ಷರು. ಇಡೀ ಸಂಘವನ್ನೇ ಕರೆದುಕೊಂಡು ಬರ್ತಾರೆ. ತಮ್ಮ ಭಾಷೆಯವರು ಮುಂದೆ ಕೂತು ಕೇಳಿದರೆ ತಮಗೂ ಸಂತೋಷ ಅಲ್ಲವಾ? ಕೊನೆಗೆ ಅವರೇ ಅರ್ಥವನ್ನು ತೆಲುಗಿನಲ್ಲಿ ವಿವರಿಸ್ತಾರೆ.”

ಲಿಂಗರಾಜು ಸಂತೋಷದಿಂದ ಕುರ್ಚಿಯ ಮೇಲೆ ಕುಸಿದ. ರಾಣೆಬೆನ್ನೂರು ಎಂದರೆ ಹರಿಹರದಿಂದ ಕೂಗಳತೆ. ಅಲ್ಲಿಯವರಿಗೆ ಈ ಹಾಡು ಅರ್ಥವಾಗುವುದಿರಲಿ, ಜೊತೆಗೆ ಚಪ್ಪಾಳೆ ತಟ್ಟಲೂ ಬರುತ್ತದೆ.

ಗಂಟಲು ಕೆಟ್ಟಿದೆ ಎಂದು ಹೇಳಿ ನೋಡಿದ. ಅರವಿಂದಬಾಬು ಜೇನುತುಪ್ಪದ ಬಾಟಲಿ ಕಳಿಸಿದರು. ಕಾರ್ಖಾನೆಯಲ್ಲಿ ತಪಾಸಣೆ ಇದೆ ಎಂದ. ದುರ್ಗಾಪ್ರಸಾದ್ ವಿಜಯವಾಡದಿಂದಲೇ, ಬಹುಶಃ ಫೋನಿಲ್ಲದೆಯೇ ಕೇಳಿಸುವಂತೆ, “ಬಾವಗಾರೂ, ನನ್ನ ಮಗಳ ಅತ್ತೆ ಮನೆಯಲ್ಲಿ ನನ್ನ ಮರ್ಯಾದೆ ನಿಮ್ಮ ಗಂಟಲಲ್ಲಿದೆ” ಎಂದು ಗುಡುಗಿದ.

“ರಾಗ ಅದೇ ಇರಲಿ, ಪದ ಬದಲಾಯಿಸಿ. ಯಾರಿಗೂ ತಿಳಿಯೋದಿಲ್ಲ” ಎಂದಳು ರಾಜ್ಯಲಕ್ಷ್ಮಿ.

ಹೀಗೆ ಲಿಂಗರಾಜು ಕವಿಯೂ ಆದ. ಸ್ಫೂರ್ತಿಗೆಂದು ಸಮುದ್ರದ ಕಡೆ ಮುಖ ಮಾಡಿ ಬಾಲ್ಕನಿಯಲ್ಲಿ ಕೂತ. ಸಮುದ್ರ ತನ್ನ ಪಾಡಿಗೆ ತಾನಿತ್ತು. ಹದಿನೈದು ವರ್ಷ ಔಷಧದ ಡಬ್ಬಿಗಳ ಮೇಲಿನ ಬರಹವನ್ನಷ್ಟೇ ಓದಿದ ಮನುಷ್ಯನ ಕಾವ್ಯ ಬೇರೆ ಹೇಗಿದ್ದೀತು? ಎರಡು ಗಂಟೆಯ ಪ್ರಸವವೇದನೆಯ ನಂತರ ಹೆಂಡತಿಗೆ ಓದಿ ಹೇಳಿದ.

ಹೋಗು ಮಗಳೆ ಜೋಪಾನ, ಅಮ್ಮಾ
ಇರಲಿ ನಿನಗೆ ಸಮಾಧಾನ
ತಂಪಾದ ಒಣ ಜಾಗದಲಿ, ಅಮ್ಮಾ
ಸಾಗಲಿ ನಿನ್ನ ಜೀವನ

“ಇದೇನಂಡೀ, ಹಾಡಾ ಕೆಮ್ಮಿನ ಸಿರಪ್ಪಾ?” ಎಂದಳು ರಾಜ್ಯಲಕ್ಷ್ಮಿ. “ಚೆನ್ನಾಗಿ ಕುಲುಕಿ ಕಳಿಸಿರಿ ಅಂತ ಒಂದು ಸೇರಿಸಿಬಿಡಿ.” ಕೊನೆಗೆ ಒಣ ಜಾಗವನ್ನು ಅವಳೇ ತೆಗೆದುಹಾಕಿ, ಅಲ್ಲೊಂದು ತುಳಸಿಕಟ್ಟೆ, ಇಲ್ಲೊಂದು ತವರಿನ ದೀಪ ಇಟ್ಟು ಹಾಡನ್ನು ನಾಲ್ಕು ಜನರೆದುರು ನಿಲ್ಲುವ ಸ್ಥಿತಿಗೆ ತಂದಳು.

ಭೀಮುನಿಪಟ್ಟಣದಲ್ಲಿ ಕಡಲಿಗೆ ಬೆನ್ನು ಮಾಡಿ ಶಾಮಿಯಾನ ಹಾಕಿದ್ದರು. ಅರವಿಂದಬಾಬು ದಂಪತಿಗಳು ಹೂಮಾಲೆ ಹೊತ್ತು ಮತ್ತೊಮ್ಮೆ ಮದುಮಕ್ಕಳಾಗಿ ಕೂತಿದ್ದರು. ಮುಂದಿನ ಸಾಲಿನ ಎಡಕ್ಕೆ ದುರ್ಗಾಪ್ರಸಾದ್, ಹೊಸ ಕರವಸ್ತ್ರವನ್ನು ಬಿಚ್ಚಿ ತೊಡೆಯ ಮೇಲೆ ಹಾಸಿಕೊಂಡು. ಬಲಕ್ಕೆ ಡಾಕ್ಟರ್ ಹೇಮಾಕ್ಷಿ ಮತ್ತು ಕನ್ನಡ ಸಂಘ, ಕನ್ನಡ ಹಾಡನ್ನು ಕೇಳಲು ಊರಾಚೆ ಬಂದವರ ಮುಖದಲ್ಲಿರುವ ಹೆಮ್ಮೆಯೊಡನೆ. ಲಿಂಗರಾಜು ಈ ಸಲ ನಿರ್ಭಯವಾಗಿ ವೇದಿಕೆ ಹತ್ತಿದ. ಮರ್ಯಾದಸ್ಥ ಪದಗಳು, ಚೀಟಿಯಲ್ಲಿ ಬರೆದದ್ದು. ದನಿ ನಡುಗಲಿಲ್ಲ, ಉಸಿರು ಕಟ್ಟಲಿಲ್ಲ. ಗುಣಮಟ್ಟ ಪರೀಕ್ಷೆಯಲ್ಲಿ ಪಾಸಾದ ಮಾತ್ರೆಯಂತೆ ನುಣ್ಣಗೆ ಹಾಡಿ ಮುಗಿಸಿದ.

ಯಾರೂ ಅಳಲಿಲ್ಲ. ಕನ್ನಡ ಸಂಘದವರು ಶಿಷ್ಟಾಚಾರಕ್ಕೆ ಚಪ್ಪಾಳೆ ತಟ್ಟಿದರು. ದುರ್ಗಾಪ್ರಸಾದ್ ಒಣ ಕರವಸ್ತ್ರವನ್ನೂ ಲಿಂಗರಾಜುವನ್ನೂ ಬದಲಾಯಿಸಿ ಬದಲಾಯಿಸಿ ನೋಡಿದ.

“ಇದಲ್ಲ” ಎಂದರು ಅರವಿಂದಬಾಬು, ಮೋಸಹೋದ ಮಗುವಿನಂತೆ. “ರಾಗ ಅದೇ, ಹಾಡು ಇದಲ್ಲ. ನಾನು ದಿನಾ ಬೆಳಗ್ಗೆ ಕೇಳ್ತೀನಿ. ಅದರಲ್ಲಿ ಹೋಳಿಗೆ ಅಂತ ಬರುತ್ತೆ, ಅಲ್ಲಿ ನನಗೆ ಎದೆ ಹಿಂಡಿದ ಹಾಗಾಗುತ್ತೆ.” ಎಂದವರೇ ಮೈಕು ಎಳೆದುಕೊಂಡು ತಾವೇ ಶುರುಮಾಡಿಬಿಟ್ಟರು: “ಬಂದಾರೆ ನೋಡೆ ಬೀಗರು... ಅಮ್ಮಾ...”

ಬಲಗಡೆಯ ಸಾಲಿನಲ್ಲಿ ಹೇಮಾಕ್ಷಿ ನೆಟ್ಟಗೆ ಕೂತರು.

“ಬಾವಗಾರೂ!” ದುರ್ಗಾಪ್ರಸಾದ್ ಎದ್ದು ನಿಂತ. ಗುಡುಗಲಿಲ್ಲ, ಅದೇ ಭಯಂಕರವಾಗಿತ್ತು. ಮೆಲ್ಲಗೆ ಕೇಳಿದ. “ಅದೇ ಹಾಡಿ. ನನಗೋಸ್ಕರ.”

ಲಿಂಗರಾಜು ಹೆಂಡತಿಯನ್ನು ನೋಡಿದ. ಅವಳು ಕಣ್ಣು ಮುಚ್ಚಿಕೊಂಡು ಕನಕದುರ್ಗಮ್ಮನಿಗೆ ಹರಕೆ ಹೊರುತ್ತಿದ್ದಳು. ಅವನ ಗಂಟಲು ಒಣಗಿತು, ಮಂಡಿ ನಡುಗಿತು. ಅಲ್ಲಿಗೆ ಕಲೆಗೆ ಬೇಕಾದ ಸಾಮಗ್ರಿಯೆಲ್ಲ ಒದಗಿದಂತಾಯಿತು. ಹಾಡು ಹೊರಟಿತು, ಮದುವೆಯ ದಿನಕ್ಕಿಂತ ನಿಧಾನವಾಗಿ, ಅದಕ್ಕಿಂತ ಹೆಚ್ಚು ನಡುಗುತ್ತ.

ಅಂಗಿಯ ಗುಂಡಿ ಬಂದಾಗ ಎಡಗಡೆಯ ಸಾಲುಗಳು ಕರಗಿದವು. ಹೋಳಿಗೆ ಬಂದಾಗ ಅರವಿಂದಬಾಬು ಎದೆ ಹಿಡಿದುಕೊಂಡರು. ಬಲಗಡೆ ಕನ್ನಡ ಸಂಘದಲ್ಲಿ ಮೊದಲು ತಲೆಗಳು ಬಗ್ಗಿದವು. ಆಮೇಲೆ ಭುಜಗಳು ಕುಲುಕಿದವು. ಒಬ್ಬರು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಖಜಾಂಚಿ ಮುಂದಿನ ಕುರ್ಚಿಯ ಬೆನ್ನಿಗೆ ಹಣೆ ಒತ್ತಿಕೊಂಡು “ಅಯ್ಯಪ್ಪಾ, ಅಯ್ಯಪ್ಪಾ” ಎಂದು ನರಳಿದರು. ಎಮ್ಮೆ ಬರುವ ಹೊತ್ತಿಗೆ ಡಾಕ್ಟರ್ ಹೇಮಾಕ್ಷಿಯ ಎರಡೂ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು.

“ನೋಡಿದ್ರಾ?” ಎಂದು ಇಡೀ ಶಾಮಿಯಾನ ಪಿಸುಗುಟ್ಟಿತು. “ಅರ್ಥ ತಿಳಿಯದ ನಾವೇ ಇಷ್ಟು ಅತ್ತರೆ, ತಿಳಿದವರ ಗತಿ ಏನು ಪಾಪ!”

ಅರವಿಂದಬಾಬು ಮೂಗೊರೆಸಿಕೊಂಡು ಹೇಮಾಕ್ಷಿಯ ಕೈಗೆ ಮೈಕು ಕೊಟ್ಟರು. “ಡಾಕ್ಟರ್‌ಗಾರೂ, ಈಗ ಅರ್ಥ ಹೇಳಿ.”

ಹೇಮಾಕ್ಷಿ ರೋಗಿಯ ಕಣ್ಣು ಹೋಗಿದೆ ಎಂದರೆ ಹೋಗಿದೆ ಎಂದೇ ಹೇಳುವ ಪ್ರಾಮಾಣಿಕ ಡಾಕ್ಟರು. ವೇದಿಕೆಯ ಮೇಲೆ ಕೈಜೋಡಿಸಿ ಸನ್ನೆ ಮಾಡುತ್ತಿದ್ದ ಲಿಂಗರಾಜುವಿನ ಕಡೆ ಅವರು ನೋಡಲಿಲ್ಲ. ತಮ್ಮ ಕೈಲಾದ ತೆಲುಗಿನಲ್ಲಿ ಸ್ಪಷ್ಟವಾಗಿ ಹೇಳಿದರು: “ಇದು ಬೀಗರನ್ನು ಗೇಲಿ ಮಾಡೋ ಹಾಡು. ಬೀಗರು ಎರವಲು ಅಂಗಿ ಹಾಕ್ಕೊಂಡು ಬಂದರು, ಅದಕ್ಕೆ ಗುಂಡಿಯೇ ಇರಲಿಲ್ಲ. ಹದಿನಾರು ಬೊಬ್ಬಟ್ಟು ತಿಂದು ಬಾಳೆಲೆಯನ್ನೂ ತಿಂದರು. ಹಿತ್ತಲಲ್ಲಿ ಎಮ್ಮೆ ಕಂಡು ಬೀಗಿತ್ತಿ ಅಂದುಕೊಂಡು ನಮಸ್ಕಾರ ಮಾಡಿದರು. ಅಷ್ಟೇ.”

ಅರವಿಂದಬಾಬು ತಮ್ಮ ಅಂಗಿಯ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ದುರ್ಗಾಪ್ರಸಾದನ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಯಾವ ಬಣ್ಣವೂ ಇಲ್ಲದಂತಾಯಿತು. ಲಿಂಗರಾಜು ಬೆನ್ನ ಹಿಂದಿದ್ದ ಸಮುದ್ರದ ದೂರವನ್ನು ಅಂದಾಜು ಮಾಡಿದ. ಈಜು ಬರುತ್ತಿರಲಿಲ್ಲ, ಆದರೆ ಆ ಕ್ಷಣಕ್ಕೆ ಅದು ಅಡ್ಡಿಯೆನಿಸಲಿಲ್ಲ.

ಆಗ ಫಣೀಂದ್ರ ಎದ್ದ. ಷಡ್ಡಕನ ಮೇಲಿನ ಪ್ರೀತಿಯಿಂದ ಎದ್ದನೆಂದು ಯಾರೂ ತಿಳಿಯಬಾರದು. ಹಾಡಿನ ಕೆಳಗೆ ‘ವ್ಯಾಖ್ಯಾನ: ಫಣೀಂದ್ರ’ ಎಂದಿತ್ತಲ್ಲ, ಅದು ಅವನನ್ನು ಎಬ್ಬಿಸಿತು.

“ಡಾಕ್ಟರ್‌ಗಾರು ಹೇಳಿದ್ದು ನೂರಕ್ಕೆ ನೂರು ಸರಿ” ಎಂದು ಅವನು ನಕ್ಕ. “ಹೊರಗಿನ ಅರ್ಥ. ಮಾತೆಯರೇ ಮಹನೀಯರೇ, ಒಳಗಿನದನ್ನು ಕೇಳಿ. ಎರವಲು ಅಂಗಿ ಯಾವುದು? ಈ ದೇಹ! ಇದು ನಮ್ಮದಾ? ಎರಡು ದಿನಕ್ಕೆ ಎರವಲು ತಂದದ್ದು. ಇದಕ್ಕೆ ಗುಂಡಿ ಇದೆಯಾ? ಪ್ರಾಣ ಹೊರಡುವಾಗ ಯಾವ ಗುಂಡಿ ಹಾಕಿ ನಿಲ್ಲಿಸ್ತೀರಿ?”

“ಅಯ್ಯೋ” ಎಂದಿತು ಹಿಂದಿನ ಸಾಲು.

“ಹದಿನಾರು ಬೊಬ್ಬಟ್ಟು. ಹದಿನೈದು ಯಾಕಲ್ಲ, ಹದಿನೇಳು ಯಾಕಲ್ಲ? ಷೋಡಶ ಸಂಸ್ಕಾರಗಳು! ಹುಟ್ಟಿನಿಂದ ಸಾವಿನತನಕ ಎಲ್ಲವನ್ನೂ ಉಂಡು ಮುಗಿಸಿದ ಜೀವ. ಎಲೆಯನ್ನೂ ತಿಂದ ಅಂದರೆ ಕರ್ಮಶೇಷವನ್ನೂ ಉಳಿಸಲಿಲ್ಲ. ಇನ್ನು ಎಮ್ಮೆ.” ಇಲ್ಲಿ ಅವನು ಕಣ್ಣು ಮುಚ್ಚಿ ಒಂದು ಉದ್ದದ ಆಲಾಪ ತೆಗೆದ. “ಯಾರ ವಾಹನ? ಹಿತ್ತಲಲ್ಲಿ, ನಮಗೆ ಕಾಣದ ಹಾಗೆ, ಯಮಧರ್ಮರಾಜನ ವಾಹನ ಎಲ್ಲರಿಗೂ ಕಾಯ್ತಾ ಇದೆ. ಮೂರ್ಖ ಅದನ್ನು ಕಂಡು ಓಡ್ತಾನೆ. ಜ್ಞಾನಿ ಏನು ಮಾಡ್ತಾನೆ? ಇವಳೂ ನನ್ನ ನೆಂಟಳೇ ಅಂತ ಕೈಮುಗೀತಾನೆ!”

ಶಾಮಿಯಾನ ಹರಿದುಹೋಗುವಂತೆ ಅಳು ಎದ್ದಿತು. ಅರವಿಂದಬಾಬು ಅಲ್ಲೇ ನಿಂತು, ಯಾವ ದಿಕ್ಕಿನಲ್ಲಿ ಎಮ್ಮೆ ಇರಬಹುದೆಂದು ಊಹಿಸಿ, ಕೈಮುಗಿದರು. ಹೇಮಾಕ್ಷಿ ಮೈಕು ಹಿಂದಕ್ಕೆ ಕೊಟ್ಟು, “ನಾನು ಹೊರಗಣ್ಣಿನ ಡಾಕ್ಟರು. ಒಳಗಣ್ಣು ನನ್ನ ಸಬ್ಜೆಕ್ಟ್ ಅಲ್ಲ” ಎಂದು ಕೂತರು. ಕನ್ನಡ ಸಂಘದ ಖಜಾಂಚಿಗಳು ಈ ಸಲ ನಿಜವಾಗಿಯೇ ಕಣ್ಣೊರೆಸಿಕೊಂಡದ್ದನ್ನು ಕಂಡವರಿದ್ದಾರೆ.

ಊಟದ ಹೊತ್ತಿಗೆ ಲಿಂಗರಾಜುವಿಗೆ ಬದುಕಿ ಉಳಿದ ಸಂತೋಷಕ್ಕಿಂತ ಬೇರೇನೋ ಚುಚ್ಚತೊಡಗಿತು. ಅರವಿಂದಬಾಬು ಅತ್ತದ್ದು ಅವರ ಭಾಗ್ಯ. ಆದರೆ ದುರ್ಗಾಪ್ರಸಾದ್ ಒದ್ದೆ ಕರವಸ್ತ್ರವನ್ನು ಹಿಂಡುತ್ತ ಒಂಟಿಯಾಗಿ ನಿಂತಿದ್ದ. ಸುಳ್ಳಿನ ಮೇಲೆ ಪಡೆದ ಮರ್ಯಾದೆ ಎಷ್ಟು ದಿನ ಜೀರ್ಣವಾದೀತು? ಲಿಂಗರಾಜು ಹತ್ತಿರ ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟ. “ಬಾವಗಾರೂ, ಡಾಕ್ಟರಮ್ಮ ಹೇಳಿದ್ದೇ ನಿಜ. ಫಣೀಂದ್ರಗಾರು ಹೇಳಿದ್ದು ಬರೀ ಬುರುಡೆ. ಅದು ಎಮ್ಮೆ, ಬರೀ ಎಮ್ಮೆ. ನಮ್ಮ ಮದುವೇಲಿ ನಮ್ಮಜ್ಜಿ ನಿಮ್ಮ ಮೇಲೇ ಹಾಡಿದ್ದ ಹಾಡು.”

ದುರ್ಗಾಪ್ರಸಾದ್ ಅವನನ್ನು ದಿಟ್ಟಿಸಿದ. ಲಿಂಗರಾಜು ಏಟು ತಪ್ಪಿಸಿಕೊಳ್ಳಲು ಸಿದ್ಧನಾದ.

“ಗೊತ್ತಾಯ್ತು” ಎಂದ ದುರ್ಗಾಪ್ರಸಾದ್. “ಆ ಡಾಕ್ಟರಮ್ಮನ ಮುಖ ನೋಡಿದರೇ ಸುಳ್ಳು ಹೇಳೋರಲ್ಲ ಅಂತ ಗೊತ್ತಾಗುತ್ತೆ. ಫಣೀಂದ್ರ ಬೋರ್‌ವೆಲ್‌ಗೂ ಇದೇ ಅರ್ಥ ಹೇಳಿದ್ದ.” ಒದ್ದೆ ಕರವಸ್ತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. “ಎಮ್ಮೆಯಾದರೆ ಎಮ್ಮೆ. ಆವತ್ತು ನಾನು ನನ್ನ ಮಗಳನ್ನು ಕಳಿಸ್ತಿದ್ದೆ, ಬಾವಗಾರೂ. ಎದೆ ಒಡೆದುಹೋಗೋ ಹಾಗಿತ್ತು, ಅಳು ಬರ್ತಿರಲಿಲ್ಲ. ಯಾರಾದರೂ ಏನನ್ನಾದರೂ ಹಾಡಬೇಕಿತ್ತು. ನೀವು ಹಾಡಿದ್ರಿ.” ಆಮೇಲೆ ಹಳೆಯ ದನಿ ಬಂತು: “ನಡೀರಿ, ಊಟ! ಯಾರ್ರೀ ಅಲ್ಲಿ, ಬಾವಗಾರಿಗೆ ಎಲೆ ಹಾಕಿ! ಫಣೀಂದ್ರಾ, ಸ್ವಲ್ಪ ಐಸು ಹೇಳಿಬಿಡು!”

ಲಿಂಗರಾಜು ಕೂತು, ಎಲೆಯೊಂದನ್ನು ಬಿಟ್ಟು ಬಡಿಸಿದ್ದನ್ನೆಲ್ಲ ಉಂಡ.

ಕೈ ತೊಳೆಯಲು ಹಿಂದಿನ ಅಂಗಳಕ್ಕೆ ಹೋದಾಗ ಅಡುಗೆಮನೆಯ ಬಾಗಿಲಲ್ಲಿ ಮಾಧವೀಲತಾ ನಿಂತಿದ್ದಳು. ಆಚೀಚೆ ನೋಡಿದಳು. ಆಮೇಲೆ ಅಪ್ಪಟ ದಾವಣಗೆರೆಯ ಕನ್ನಡದಲ್ಲಿ ಕೇಳಿದಳು.

“ಮಾವಯ್ಯಾ, ಗುಂಡಿ ಮರೆತದ್ದು ಬೀಗರಾ, ಅಂಗಿ ಕೊಟ್ಟೋರಾ?”

ಲಿಂಗರಾಜುವಿನ ಕೈಯಿಂದ ಚೊಂಬು ಬಿತ್ತು. “ನಿಂಗೆ... ಕನ್ನಡ ಬರ್ತೈತೇನೇ?”

“ಐದು ವರ್ಷ ನಿಮ್ಮೂರ ಮಂದಿ ಹಲ್ಲು ಕಿತ್ತೀನಿ. ಕೀಳೋವಾಗ ಅವರು ಬೈದ ಬೈಗುಳ ಕೇಳೇ ಅರ್ಧ ಕನ್ನಡ ಬಂತು. ಹಾಸ್ಟೆಲಲ್ಲಿ ಕಲೀಲಿಲ್ಲ ಅಂತ ಮನೇಲಿ ಹೇಳಿದ್ದು ನಿಜಾನೇ, ಹಾಸ್ಟೆಲಲ್ಲಿ ಕಲೀಲಿಲ್ಲ. ಮಂಟಪದಾಗೆ ನಗು ತಡಕೊಳ್ಳಾಕೆ ಆಗದೆ ಸತ್ತೇ ಹೋಗಿದ್ದೆ. ಅತ್ತೆ ಬೇರೆ ಬಂದು ಅಪ್ಪಿಕೊಂಡ್ರು.”

“ಮತ್ತೆ ಯಾರಿಗೂ ಹೇಳ್ಲಿಲ್ಲ?”

“ಯಾಕೆ ಹೇಳ್ಲಿ? ದಿನಾ ಬೆಳಿಗ್ಗೆ ಅತ್ತೆ ಕಾಫಿಗೆ ಸಕ್ಕರೆ ಜಾಸ್ತಿ, ಚಟ್ನಿಗೆ ಉಪ್ಪು ಕಡಿಮೆ ಅಂತ ಶುರು ಹಚ್ಚಿಕೊಳ್ತಾರೆ. ನಾನು ಒಲೆ ಮುಂದೆ ನಿಂತು ಮೆಲ್ಲಗೆ ‘ಹಿತ್ತಲ ಎಮ್ಮೆಯ ಕಂಡಾರೆ’ ಅಂತೀನಿ. ಅವರಿಗೆ ಕಣ್ಣಲ್ಲಿ ನೀರು ಬರ್ತೈತೆ. ಪಾಪ ತವರು ನೆನೆಸಿಕೊಂಡಳು ಅಂತ ನನ್ನ ಕೂರಿಸಿ ದೋಸೆ ತಾವೇ ಹುಯ್ದು ಕೊಡ್ತಾರೆ.” ಅವಳು ದನಿ ಇನ್ನೂ ತಗ್ಗಿಸಿದಳು. “ಆದ್ರೆ ಮಾವಯ್ಯಾ, ಇದು ಬೀಗರ ನುಡಿ. ಅದು ಬೀಳೋದು ನಮ್ಮ ಮಾವನೋರ ಮೇಲೆ, ಅವರು ಪಾಪ ಒಳ್ಳೇರು. ನಿಮ್ಮಜ್ಜಿ ಅತ್ತೆ ಮೇಲೂ ಒಂದು ನುಡಿ ಕಟ್ಟಿರಬೇಕಲ್ಲ?”

ಲಿಂಗರಾಜು ನೆನಪು ಮಾಡಿಕೊಂಡ. ಅಜ್ಜಿ ಅತ್ತೆಯ ಮೇಲೆ ಒಂದಲ್ಲ, ಇಡೀ ಮಧ್ಯಾಹ್ನಕ್ಕಾಗುವಷ್ಟು ಕಟ್ಟಿದ್ದಳು. ತುಟಿಯಂಚಿನಲ್ಲಿ ನಗು ಬಂತು. ಮೊದಲ ಸಾಲನ್ನು ಮೆಲ್ಲಗೆ ಗುನುಗಿದ, ಮಾಧವೀಲತಾ ಹಿಂದೆಯೇ ಹೇಳಿಕೊಂಡಳು.

“ಏನಮ್ಮಾ, ಹೊಸ ಹಾಡು ಕಲೀತಿದೀಯಾ?” ಭ್ರಮರಾಂಬ ಬಾಗಿಲಿಗೆ ಬಂದಿದ್ದರು. “ನಿಧಾನಕ್ಕೆ ಹೇಳಿಕೊಡಿ ಲಿಂಗರಾಜುಗಾರೂ, ನಾನೂ ಕೇಳ್ತೀನಿ” ಎಂದು ಒಂದು ಕುರ್ಚಿ ಎಳೆದುಕೊಂಡು ಕೂತರು, ಅಳುವುದಕ್ಕೆ ಸೆರಗನ್ನು ಮೊದಲೇ ಕೈಗೆ ತೆಗೆದುಕೊಂಡು.